ಗುಬ್ಬಿ ಸೀಮೆಯಲ್ಲಿ ವಿಗ್ರಹದ ವಾದ

ಕೆಲವು ವರ್ಷಗಳ ಹಿಂದೆ ಕ್ರೈಸ್ತ ಮಿತ್ರರೊಬ್ಬರೊಡನೆ ಗುಬ್ಬಿ ತಾಲ್ಲೂಕಿನ ನಿಟ್ಟೂರಿಗೆ ಹೋಗಿದ್ದೆ. ಹೊಯ್ಸಳರ ಕಾಲದ ಶಾಂತಿನಾಥ ಬಸದಿಯನ್ನು ನೋಡುವುದು ನಮ್ಮ ಉದ್ದೇಶ. ಮಿತ್ರರು ಪಾದರಕ್ಷೆಗಳನ್ನು ಹೊರಗೆ ಬಿಟ್ಟರು. ಒಳಗೆ ಬಹಳ ಹೊತ್ತು ಮೌನವಾಗಿ ನಿಂತರು. ಆದರೆ ಕೈ ಮುಗಿಯಲಿಲ್ಲ. ಹೊರಗೆ ಬಂದಮೇಲೆ, "ತಪ್ಪು ತಿಳಿಯಬೇಡಿ, ನಮ್ಮ ಮನೆಯಲ್ಲಿ ಯೇಸುವಿನ ಪ್ರತಿಮೆಗೂ ಕೈ ಮುಗಿಯುವ ವಾಡಿಕೆಯಿಲ್ಲ" ಎಂದರು. ಅವರದು ಹಲವು ತಲೆಮಾರುಗಳಿಂದ ಪ್ರಾಟೆಸ್ಟಂಟ್ ಮನೆತನ. ಪ್ರತಿಮೆಯನ್ನು ಕುರಿತ ಈ ಸಂಕೋಚ ಗುಬ್ಬಿಯ ಸೀಮೆಗೆ ಬಂದುದು ಹೇಗೆಂದು ನಾನು ಆಗ ಯೋಚಿಸತೊಡಗಿದೆ.

1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. ಎರಡು ವರ್ಷಗಳ ತರುವಾಯ ಬಂದ ವಿಲಿಯಂ ಆರ್ಥರ್ ಆಗ ಇಪ್ಪತ್ತರ ತರುಣ. ಕನ್ನಡ ಕಲಿತು ಬೋಧನೆಗೆ ತೊಡಗಿದ ಆತ, ಆರೋಗ್ಯ ಕೆಟ್ಟು 1841ರಲ್ಲಿಯೇ ಸ್ವದೇಶಕ್ಕೆ ಮರಳಬೇಕಾಯಿತು. 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ವಿಗ್ರಹಾರಾಧನೆಯ ಖಂಡನೆ ಈ ಮಿಷನರಿಗಳ ಬೋಧನೆಯಲ್ಲಿ ಮುಖ್ಯವಾದ ಅಂಗವಾಗಿದ್ದಿತು.

ಈ ನಿಷೇಧ ಮೋಶೆಯ ದಶಾಜ್ಞೆಗಳಷ್ಟು ಹಳೆಯದೆಂಬುದು ನಿಜ. ಆದರೆ ವೆಸ್ಲಿಯನ್ನರ ಕೈಯಲ್ಲಿದ್ದ ವಾದಕ್ಕೆ ಸಾಣೆ ಹಿಡಿದದ್ದು ಕ್ರೈಸ್ತರೊಳಗಿನ ಮನೆಜಗಳವೇ. ಎಂಟನೆಯ ಶತಮಾನದಲ್ಲಿ ಬೈಜಾಂಟಿಯಂ ಚಕ್ರವರ್ತಿಗಳು ಪವಿತ್ರ ಚಿತ್ರಗಳನ್ನು ನಿಷೇಧಿಸಿದಾಗ ದೊಡ್ಡ ಕಲಹವೇ ಎದ್ದಿತು. 787ರಲ್ಲಿ ನೈಸಿಯಾದಲ್ಲಿ ಕೂಡಿದ ಮಹಾಸಭೆ, ಆರಾಧನೆ ದೇವರೊಬ್ಬನಿಗೆ ಮಾತ್ರ ಸಲ್ಲತಕ್ಕದ್ದು, ಚಿತ್ರಕ್ಕೆ ವಂದನೆ ಸಲ್ಲಿಸಬಹುದು, ಆ ವಂದನೆ ಚಿತ್ರವನ್ನು ದಾಟಿ ಮೂಲವ್ಯಕ್ತಿಗೆ ಸೇರುತ್ತದೆ ಎಂದು ತೀರ್ಮಾನಿಸಿತು. ಹದಿನಾರನೆಯ ಶತಮಾನದ ಸುಧಾರಕರಲ್ಲಿ ಅನೇಕರಿಗೆ ಈ ಭೇದ ಹಿಡಿಸಲಿಲ್ಲ. 1524ರಲ್ಲಿ ಜ್ಯೂರಿಕ್ ನಗರದ ದೇವಾಲಯಗಳಿಂದ ಪ್ರತಿಮೆಗಳನ್ನು ಹೊರಹಾಕಲಾಯಿತು. ಇಂಗ್ಲೆಂಡಿನ ಸಭೆಯೂ ಪ್ರತಿಮೆಗಳ ಪೂಜೆಯನ್ನು ತನ್ನ 39 ವಿಧಿಗಳಲ್ಲಿ ತಿರಸ್ಕರಿಸಿತು. ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಅನುಯಾಯಿಗಳಿಗಾಗಿ ಆ ವಿಧಿಗಳನ್ನು 24ಕ್ಕೆ ಇಳಿಸಿದರೂ ಈ ಒಂದನ್ನು ಬಿಡಲಿಲ್ಲ. ಅದರ ಗುರಿ ರೋಮಿನ ಸಭೆ. ಆ ಬಾಣವನ್ನೇ ಗುಬ್ಬಿಯ ಸೀಮೆಯಲ್ಲಿ ಬೇರೆ ಗುರಿಗೆ ಹೂಡಬೇಕಾಯಿತು.

ಇಲ್ಲಿ ಭಾಷೆಯದೊಂದು ತೊಡಕೂ ಇತ್ತು. ಗ್ರೀಕರಿಗೆ ಎರಡು ಶಬ್ದಗಳಿದ್ದವು: ಮಿಥ್ಯಾದೇವತೆಯ ರೂಪಕ್ಕೆ ಒಂದು, ಪೂಜ್ಯರ ಚಿತ್ರಕ್ಕೆ ಇನ್ನೊಂದು. ಕನ್ನಡ ಬೈಬಲ್ಲಿನಲ್ಲಿ ಮೊದಲನೆಯದಕ್ಕೆ ನಿಂತ ಶಬ್ದ 'ವಿಗ್ರಹ'. ನಮ್ಮ ಬಳಕೆಯಲ್ಲಾದರೋ ಅದು ಗೌರವದ ಮಾತು. ಅದರಲ್ಲಿ ಸುಳ್ಳಿನ ಸೋಂಕೇ ಇಲ್ಲ. ಹಳ್ಳಿಯವನ ಕಿವಿಗೆ ಬೋಧಕರ ಮಾತು ಎಷ್ಟು ಕಟುವಾಗಿ ಕೇಳಿಸಿರಬೇಕೆಂಬುದನ್ನು ಊಹಿಸಬಹುದು. ಬೋಧಕರಲ್ಲಿ ಪಾಂಡಿತ್ಯದ ಕೊರತೆಯಿತ್ತೆಂದು ನಾನು ಹೇಳುತ್ತಿಲ್ಲ. ಶಬ್ದವೇ ಅವರ ಮಾತನ್ನು ಬೇರೊಂದು ದಿಕ್ಕಿಗೆ ಎಳೆಯಿತು.

ಇಷ್ಟಾಗಿ ಈ ವಾದ ಇಲ್ಲಿಯ ನೆಲಕ್ಕೆ ತೀರ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರ ಪೂಜೆಯನ್ನು ಪ್ರಶ್ನಿಸಿದ್ದರು. ಆ ಪರಂಪರೆಯ ತೋಂಟದ ಸಿದ್ಧಲಿಂಗರ ಗದ್ದುಗೆ ಇರುವುದು ನೆರೆಯ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ. ಅಲ್ಲಿಯೂ ಇಂದು ತೇರು ಎಳೆಯುತ್ತಾರೆ, ಜನ ಸೇರುತ್ತಾರೆ. ಪ್ರತಿಮೆಯನ್ನು ಬಿಟ್ಟವರಿಗೂ ನಮಿಸಲು ಒಂದು ಸ್ಥಳ ಬೇಕಾಗುತ್ತದೆಯೋ ಏನೋ. ಕ್ರೈಸ್ತರಲ್ಲಿಯೇ ನೋಡಿ: ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಮಾತೆಯ ಪ್ರತಿಮೆಗೆ ಸೀರೆ ಉಡಿಸುತ್ತಾರೆ, ಸೆಪ್ಟೆಂಬರ್ 8ರಂದು ರಥದಲ್ಲಿ ಮೆರವಣಿಗೆ ಮಾಡುತ್ತಾರೆ, ಎಲ್ಲ ಮತದವರೂ ನೆರೆಯುತ್ತಾರೆ. ನನ್ನ ಮಿತ್ರರ ಹಿರಿಯರು ಇದನ್ನು ಒಪ್ಪುತ್ತಿರಲಿಲ್ಲವಂತೆ.

ಆ ಹಿರಿಯರು ತೆತ್ತ ಬೆಲೆಯನ್ನು ನಾವು ಲಘುವಾಗಿ ಕಾಣಬಾರದು. ಲಂಡನ್ನಿನಲ್ಲಿ ಅದು ವಿಧಿಗಳ ಪಟ್ಟಿಯಲ್ಲಿ ಒಂದು ಸಾಲು. ಹಳ್ಳಿಯಲ್ಲಿ ಮನೆದೇವರನ್ನು ಬಿಡುವುದೆಂದರೆ ಹಬ್ಬದ ಪಂಕ್ತಿಯನ್ನು, ಜಾತ್ರೆಯ ಹೊಣೆಯನ್ನು, ಹೆಣ್ಣು ಕೊಟ್ಟು ತರುವ ನೆಂಟಸ್ತನವನ್ನು ಬಿಟ್ಟಂತೆ. ಗುಬ್ಬಿ ಪ್ರದೇಶದ ಇಂಥ ಒಬ್ಬ ಮತಾಂತರಿ ದಾನಿಯೇಲನ ಜೀವನವನ್ನು ಹಾಡ್ಸನ್ನರು 1877ರಲ್ಲಿ ಪುಸ್ತಕವಾಗಿ ಬರೆದರು. ಕೈ ಮುಗಿಯದೆ ನಿಂತ ನನ್ನ ಮಿತ್ರರ ಹಿಂದೆ ಅಂಥದೊಂದು ಬಾಳು ಇದ್ದೀತೆಂದು ನನಗೆ ಆಗ ಹೊಳೆದಿರಲಿಲ್ಲ.

ನಿಟ್ಟೂರಿನಿಂದ ಹಿಂದಿರುಗುವಾಗ ಅವರು, "ಈ ತೀರ್ಥಂಕರನನ್ನು ಭಕ್ತರು ಏನು ಬೇಡುತ್ತಾರೆ?" ಎಂದು ಕೇಳಿದರು. ಶಾಸ್ತ್ರದ ಪ್ರಕಾರ ಏನನ್ನೂ ಬೇಡುವಂತಿಲ್ಲ. ಜಿನನು ಮುಕ್ತ, ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ಆ ಗುಣಗಳು ತಮ್ಮಲ್ಲಿಯೂ ಬರಲೆಂದು ನೋಡಿ ನಮಿಸುವುದಷ್ಟೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮವರ ಖಂಡನೆ ಇದಕ್ಕೆ ಪೂರ್ತಿಯಾಗಿ ತಗಲುವುದಿಲ್ಲ" ಎಂದರು. ಬೇಡುವವರಿಗಾಗಿ ಬಸದಿಗಳಲ್ಲಿ ಯಕ್ಷಿಯರಿದ್ದಾರೆ ಎಂಬುದನ್ನೂ ನಾನು ಹೇಳಬೇಕಾಯಿತು. ಮಿತ್ರರು ನಕ್ಕರು.