ಚುಲ್ಯೊ: ಆಂಡೀಸ್ ಸೀಮೆಯ ಪ್ರಾಣಿಚಿತ್ರದ ಹೆಣಿಗೆ ಟೋಪಿ

ಚುಲ್ಯೊ ಎಂಬುದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯಲ್ಲಿ, ಮುಖ್ಯವಾಗಿ ಪೆರು ಮತ್ತು ಬೊಲಿವಿಯದ ಎತ್ತರದ ಊರುಗಳಲ್ಲಿ ತೊಡುವ ಬಣ್ಣಬಣ್ಣದ ಉಣ್ಣೆ ಟೋಪಿ. ನೆತ್ತಿ ಚೂಪಾಗಿದ್ದು ತುದಿಗೆ ಗೊಂಡೆ ಕಟ್ಟಿರುತ್ತದೆ. ಹಲವು ಕಡೆ ಕಿವಿ ಮುಚ್ಚುವ ಎರಡು ಪಟ್ಟಿಗಳೂ ಇರುತ್ತವೆ. ಕೆಚುವಾ ಮಾತಾಡುವವರು ಇದನ್ನು ಚುಲ್ಯು ಎಂದೂ ಐಮಾರಾ ಮಾತಾಡುವವರು ಲ್ಯುಚು ಎಂದೂ ಕರೆಯುತ್ತಾರೆ. ಲಾಮಾ, ವಿಕುನ್ಯಾ, ಕಾಂಡೋರ್ ರಣಹದ್ದು, ಝೇಂಕಾರದ ಹಕ್ಕಿ, ಕುದುರೆ, ಹೋರಿ ಇದರ ಮೇಲೆ ಕಾಣುವ ಪ್ರಾಣಿಗಳು. ಇವನ್ನು ಹೊಲಿದು ಸೇರಿಸುವುದಿಲ್ಲ, ಬಣ್ಣದ ಎಳೆಗಳನ್ನು ಬದಲಿಸುತ್ತ ಹೆಣಿಗೆಯಲ್ಲೇ ಮೂಡಿಸುತ್ತಾರೆ. ಕಡ್ಡಿಯಿಂದ ಹೆಣೆಯುವ ಕಸುಬು ಈ ಸೀಮೆಗೆ ಸ್ಪೇನಿನವರ ಕಾಲದಲ್ಲಿ ಬಂದದ್ದು. ಟೋಪಿಯ ಮೇಲೆ ಪ್ರಾಣಿ ಮೂಡಿಸುವ ರೂಢಿಯಾದರೋ ಅದಕ್ಕೆ ಶತಮಾನಗಳ ಮೊದಲೇ ಇಲ್ಲಿತ್ತು. ಹೊರಗಿನ ಕಸುಬನ್ನು ಒಳನಾಡಿನ ರೂಢಿ ತನ್ನದಾಗಿಸಿಕೊಂಡದ್ದೇ ಚುಲ್ಯೊದ ಇತಿಹಾಸ.

ಹೆಣಿಗೆಗೆ ಮೊದಲು

ಲಾಮಾ ಮತ್ತು ಅಲ್ಪಾಕಾಗಳನ್ನು ಆಂಡೀಸ್ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ್ದರು. ಅವುಗಳ ಉಣ್ಣೆಯಿಂದ ನೂಲುವ, ನೇಯುವ, ಗಂಟುಹಾಕುವ ವಿದ್ಯೆ ಇಲ್ಲಿ ಬಹಳ ಮುಂದುವರಿದಿತ್ತು. ಪೆರುವಿನ ದಕ್ಷಿಣ ಕರಾವಳಿಯ ನಾಸ್ಕಾ ಜನ ಸೂಜಿಯಿಂದ ಕುಣಿಕೆಗೆ ಕುಣಿಕೆ ಕೋದು ಬಟ್ಟೆಯ ಅಂಚಿನಲ್ಲಿ ಸಣ್ಣ ಸಣ್ಣ ಆಕೃತಿಗಳನ್ನು ಮಾಡುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿರುವ ‘ಪರಾಕಾಸ್ ವಸ್ತ್ರ’ ಅಂಥದ್ದು. ಕ್ರಿ.ಶ. 100ರಿಂದ 300ರ ನಡುವಿನ ಆ ಬಟ್ಟೆಯ ಅಂಚಿನಲ್ಲಿ ಮನುಷ್ಯರು, ಪ್ರಾಣಿಗಳು, ಗಿಡಗಳು ಸೇರಿದ 90 ಆಕೃತಿಗಳು ಸಾಲಾಗಿ ನಿಂತಿವೆ. ಮೇಲುನೋಟಕ್ಕೆ ಇದು ಕಡ್ಡಿ ಹೆಣಿಗೆಯಂತೆಯೇ ಕಾಣುತ್ತದೆ. ಆದರೆ ಇಲ್ಲಿ ಎಳೆಯನ್ನು ಪ್ರತಿ ಸಲ ಪೂರ್ತಿಯಾಗಿ ಕುಣಿಕೆಯೊಳಗಿಂದ ಎಳೆದುಕೊಳ್ಳಬೇಕು. ಕಡ್ಡಿ ಹೆಣಿಗೆಯಲ್ಲಿ ಒಂದು ಕುಣಿಕೆಯಿಂದ ಇನ್ನೊಂದನ್ನು ಎಬ್ಬಿಸಿದರೆ ಸಾಕು, ಉಂಡೆಯಿಂದ ನೂಲು ತಾನೇ ಬಿಚ್ಚಿಕೊಳ್ಳುತ್ತದೆ. ಅದರಿಂದ ಕೆಲಸ ಎಷ್ಟೋ ಬೇಗ ಸಾಗುತ್ತದೆ.

ಆ ಮೇಲಿನ ಕಾಲದಲ್ಲಿ, ಸುಮಾರು ಕ್ರಿ.ಶ. 500ರಿಂದ 1000ದವರೆಗೆ, ವಾರಿ ಮತ್ತು ತಿವನಾಕು ನಾಡುಗಳಲ್ಲಿ ‘ನಾಲ್ಕು ಮೊನೆಯ ಟೋಪಿ’ ಬಳಕೆಯಲ್ಲಿತ್ತು. ಚೌಕಾಕಾರದ ಈ ಟೋಪಿಯ ಪ್ರತಿ ಮೂಲೆಯಲ್ಲೂ ಒಂದು ಮೊನೆ ಎದ್ದಿರುತ್ತದೆ. ಇದನ್ನು ಗಂಟುಗಳಿಂದ ಕಟ್ಟುತ್ತಿದ್ದರು. ವಾರಿ ಟೋಪಿಗಳಲ್ಲಿ ಗಂಟಿನೊಳಗೆ ಬಣ್ಣದ ಉಣ್ಣೆಯ ತುಣುಕು ಸಿಕ್ಕಿಸಿ ಮಕಮಲ್ಲಿನಂಥ ಮೈ ಕೊಡುತ್ತಿದ್ದರು. ಅವುಗಳ ಮೇಲೆ ರೆಕ್ಕೆಯುಳ್ಳ ನಾಲ್ಕು ಕಾಲಿನ ಪ್ರಾಣಿಗಳು ಮತ್ತು ಹಕ್ಕಿಗಳು ಚೌಕಗಳೊಳಗೆ ಮೆಟ್ಟಿಲು ಮೆಟ್ಟಿಲಾಗಿ ಮೂಡಿರುವುದನ್ನು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು.

ಇಂಕಾ ಆಳ್ವಿಕೆಯಲ್ಲಿ ಪ್ರತಿ ಜನಾಂಗವೂ ತನ್ನ ತಲೆಯುಡುಗೆಯನ್ನು ಬಿಡದೆ ತೊಡಬೇಕಿತ್ತೆಂದು ಸ್ಪೇನಿನ ಇತಿಹಾಸಕಾರರು ಬರೆದಿದ್ದಾರೆ. ಟಿಟಿಕಾಕಾ ಸರೋವರದ ಸುತ್ತಲಿನ ಕೊಲ್ಯಾ ಜನ ಒರಳಿನಾಕಾರದ ಉಣ್ಣೆ ಟೋಪಿ ತೊಡುತ್ತಿದ್ದರೆಂದೂ ಅದಕ್ಕೆ ‘ಚುಕೊ’ ಎನ್ನುತ್ತಿದ್ದರೆಂದೂ ಪೆದ್ರೊ ಸಿಯೆಜಾ ದೆ ಲಿಯೋನ್ 1553ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳುತ್ತಾನೆ. ತಲೆಯ ಮೇಲಿನದನ್ನು ನೋಡಿ ಆಳು ಯಾವ ಸೀಮೆಯವನೆಂದು ಗುರುತಿಸುವ ಪದ್ಧತಿಗೆ ಅಷ್ಟು ಹಳೆಯ ಬೇರಿದೆ.

ಹೆಣಿಗೆ ಬಂದ ದಾರಿ

ಬಣ್ಣದ ಹೆಣಿಗೆಯ ಹಳೆಯ ಮಾದರಿಗಳಲ್ಲಿ ಹಲವು ಈಜಿಪ್ಟಿನಲ್ಲಿ ಸಿಕ್ಕಿವೆ. ಮುಸ್ಲಿಂ ಕುಶಲಕರ್ಮಿಗಳ ಕೈಯಲ್ಲಿ ಈ ಕಸುಬು ಸ್ಪೇನಿನಲ್ಲಿ ಬೆಳೆಯಿತು. ಬುರ್ಗೋಸ್ ನಗರದ ಲಾಸ್ ವೆಲ್ಗಾಸ್ ಮಠದಲ್ಲಿ, 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂದೊ ದೆ ಲಾ ಸೆರ್ದಾನ ಸಮಾಧಿಯಿಂದ ರೇಷ್ಮೆಯಲ್ಲಿ ಹೆಣೆದ ದಿಂಬೊಂದು ದೊರೆತಿದೆ. ಅದರ ಮೇಲೆ ಹದ್ದು ಮತ್ತು ಕೋಟೆಗಳ ಚಿತ್ರವಿದ್ದು, ಅಂಚಿನಲ್ಲಿ ಅರಬ್ಬಿ ಬರಹವಿದೆ. ಸ್ಪೇನಿನವರು 1532ರಲ್ಲಿ ಪೆರುವಿಗೆ ಕಾಲಿಡುವ ಹೊತ್ತಿಗೆ ಪ್ರಾಣಿಪಕ್ಷಿಗಳನ್ನು ಹೆಣಿಗೆಯಲ್ಲಿ ಮೂಡಿಸುವ ವಿದ್ಯೆ ಅವರ ನಾಡಿನಲ್ಲಿ ಹೊಸದಾಗಿ ಉಳಿದಿರಲಿಲ್ಲ.

ಆಂಡೀಸಿನವರು ಹೆಣೆಯುವ ರೀತಿಯೇ ಈ ದಾರಿಗೆ ಸಾಕ್ಷಿ. ಅವರು ನೂಲನ್ನು ಕತ್ತಿನ ಸುತ್ತ ಹಾಯಿಸಿಕೊಂಡು ಹೆಣೆಯುತ್ತಾರೆ, ಇಲ್ಲವೆ ಎದೆಯ ಮೇಲೆ ಪಿನ್ನು ಚುಚ್ಚಿ ಅದರೊಳಗಿಂದ ಎಳೆದುಕೊಳ್ಳುತ್ತಾರೆ. ಪೋರ್ಚುಗಲ್ಲಿನಲ್ಲೂ ಟರ್ಕಿಯಲ್ಲೂ ಇದೇ ಪದ್ಧತಿಯಿದೆ. ಸ್ಪೇನಿನವರ ಜೊತೆ ಕುರಿ, ಕುದುರೆ, ದನಗಳೂ ಬಂದವು. ಕುರಿಯ ಉಣ್ಣೆ ಅಲ್ಪಾಕಾದ ಜೊತೆ ಸೇರಿತು. ಕುದುರೆ ಮತ್ತು ಹೋರಿ ಲಾಮಾದ ಪಕ್ಕದಲ್ಲಿ ಚಿತ್ರವಾಗಿ ನಿಂತವು.

ಸ್ಪೇನಿನ ಆಳ್ವಿಕೆಯ ವಿರುದ್ಧ ಎರಡನೆಯ ತೂಪಾಕ್ ಅಮಾರು ದಂಗೆಯೆದ್ದ ಮೇಲೆ, 1781ರಲ್ಲಿ, ವಸಾಹತು ಸರ್ಕಾರ ಇಂಕಾ ಉಡುಗೆಗಳನ್ನು ನಿಷೇಧಿಸಿತು. ಇಂದು ‘ಸಾಂಪ್ರದಾಯಿಕ’ ಎನಿಸಿರುವ ಅಲ್ಲಿನ ಗಂಡಸರ ಉಡುಪಿನಲ್ಲಿ, ಅಂದರೆ ಕಪ್ಪು ಪ್ಯಾಂಟು, ಬಿಳಿ ಅಂಗಿ, ಗಿಡ್ಡ ಕೋಟುಗಳಲ್ಲಿ, ಸ್ಪೇನಿನ ರೈತರ ಉಡುಗೆಯ ಗುರುತು ಎದ್ದುಕಾಣುತ್ತದೆ.

ಹೆಣೆಯುವ ಬಗೆ

ಚುಲ್ಯೊಗೆ ಹೊಲಿಗೆಯಿಲ್ಲ. ಐದು ಸಣ್ಣ ಕಡ್ಡಿಗಳ ಮೇಲೆ ಕುಣಿಕೆಗಳನ್ನು ಹಂಚಿ ಕೊಳವೆಯಂತೆ ಸುತ್ತು ಹೆಣೆಯುತ್ತಾರೆ. ಸೈಕಲ್ ಚಕ್ರದ ಕಡ್ಡಿಯನ್ನೋ ತಂತಿಯನ್ನೋ ಉಜ್ಜಿ ಚೂಪು ಮಾಡಿಕೊಂಡ ಕಡ್ಡಿಗಳು ಸಾಮಾನ್ಯ. ಕಡ್ಡಿ ತೆಳ್ಳಗಿದ್ದಷ್ಟೂ ಕುಣಿಕೆ ಚಿಕ್ಕದು, ಕುಣಿಕೆ ಚಿಕ್ಕದಾದಷ್ಟೂ ಚಿತ್ರ ನವುರು.

ನಮ್ಮಲ್ಲಿ ಸ್ವೆಟರ್ ಹೆಣೆಯುವವರು ಸುತ್ತು ಹೆಣಿಗೆಗೆ ಸೀದಾ ಕುಣಿಕೆ ಹಾಕುವುದು ವಾಡಿಕೆ. ಆಂಡೀಸಿನವರು ಉಲ್ಟಾ ಕುಣಿಕೆ ಹಾಕುತ್ತಾರೆ. ನೂಲು ಕತ್ತಿನಿಂದ ಇಳಿದು ಕೆಲಸದ ಮುಂದೆಯೇ ಇರುವುದರಿಂದ ಹೆಬ್ಬೆರಳಿನಿಂದ ಅದನ್ನು ಕಡ್ಡಿಯ ಮೇಲೆ ತಳ್ಳಿದರೆ ಕುಣಿಕೆ ಸಿದ್ಧ. ಟೋಪಿಯ ಒಳಮೈ ಹೆಣೆಯುವವನ ಕಣ್ಣಮುಂದೆ ಇರುತ್ತದೆ, ಚಿತ್ರ ಆಚೆ ಮೈಯಲ್ಲಿ ಮೂಡುತ್ತ ಹೋಗುತ್ತದೆ. ಒಂದು ಸುತ್ತಿನಲ್ಲಿ ಎರಡು ಬಣ್ಣಗಳಿದ್ದರೆ ಬಳಸದ ಎಳೆ ಒಳಮೈಯಲ್ಲಿ ಅಡ್ಡಡ್ಡ ಹಾಯುತ್ತದೆ. ಅದು ಬಿಗಿಯಾದರೆ ಟೋಪಿ ಸುಕ್ಕುಗಟ್ಟುತ್ತದೆ, ಸಡಿಲವಾದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಈ ಎಳೆಗಳು ಕಣ್ಣಿಗೆ ಬೀಳುತ್ತಲೇ ಇರುವುದು ಈ ಪದ್ಧತಿಯ ದೊಡ್ಡ ಅನುಕೂಲ. ಎರಡೆಳೆಯಿಂದ ಟೋಪಿಗೆ ಇಮ್ಮಡಿ ದಪ್ಪವೂ ಬರುತ್ತದೆ. ಸಮುದ್ರಮಟ್ಟದಿಂದ 3,800 ಮೀಟರು ಮೇಲೆ, ರಾತ್ರಿ ನೀರು ಹೆಪ್ಪುಗಟ್ಟುವ ಸೀಮೆಯಲ್ಲಿ ಆ ದಪ್ಪ ಬೇಕೇ ಬೇಕು.

ಪ್ರಾಣಿಚಿತ್ರದ ಲೆಕ್ಕ

ಒಂದು ಕುಣಿಕೆಗೆ ಒಂದೇ ಬಣ್ಣ. ಹಾಗಾಗಿ ಓರೆ ಗೆರೆಯೂ ಬಾಗಿದ ಬೆನ್ನೂ ಮೆಟ್ಟಿಲುಗಳಾಗಿಯೇ ಬರುತ್ತವೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಎಳೆ ಎಣಿಸಿ ಆನೆ, ನವಿಲು ಮೂಡಿಸುವಾಗ ಆಗುವಂತೆಯೇ ಇಲ್ಲೂ ಪ್ರಾಣಿಯ ರೂಪವನ್ನು ಎಣಿಕೆ ತೀರ್ಮಾನಿಸುತ್ತದೆ. ಹೆಣಿಗೆಯ ಕುಣಿಕೆ ಎತ್ತರಕ್ಕಿಂತ ಅಗಲದಲ್ಲಿ ತುಸು ಹೆಚ್ಚು. ಅದನ್ನು ಗಮನಿಸದೆ ಚೌಕಳಿ ಹಾಳೆಯ ಮೇಲೆ ಬರೆದ ಲಾಮಾ ಟೋಪಿಯ ಮೇಲೆ ಕುಳ್ಳಾಗುತ್ತದೆ. ಆದ್ದರಿಂದ ಕತ್ತಿಗೂ ಕಾಲಿಗೂ ಒಂದೆರಡು ಸುತ್ತು ಹೆಚ್ಚು ಹಾಕಬೇಕು.

ಅಂಚಿನಿಂದ ಮೇಲಕ್ಕೆ ಹೆಣೆಯುವ ಟೋಪಿಯಲ್ಲಿ ಲಾಮಾಕ್ಕೆ ಮೊದಲು ಹುಟ್ಟುವುದು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಕತ್ತು ಮತ್ತು ಕಿವಿ. ಸುತ್ತಿನಲ್ಲಿ 144 ಕುಣಿಕೆಗಳಿದ್ದು ಒಂದು ಲಾಮಾ ಮತ್ತು ಅದರ ಮುಂದಿನ ಖಾಲಿ ಜಾಗ ಸೇರಿ 18 ಕುಣಿಕೆಯಾದರೆ ಎಂಟು ಲಾಮಾಗಳು ಸರಿಯಾಗಿ ಕೂರುತ್ತವೆ. 17 ಕುಣಿಕೆಯಾದರೆ ಎಂಟರ ಮೇಲೆ ಅರ್ಧ ಲಾಮಾ ಉಳಿದುಬಿಡುತ್ತದೆ. ಕತ್ತಿನ ಮಟ್ಟಕ್ಕೆ ಬಂದಾಗ ಇನ್ನೊಂದು ತೊಡಕು. ಕತ್ತಿಗೆ ಮೂರೇ ಕುಣಿಕೆ, ಮುಂದಿನ ಕತ್ತಿನವರೆಗೆ ಹದಿನೈದು ಕುಣಿಕೆಯ ಬಯಲು. ಲಾಮಾದ ಬಣ್ಣದ ಎಳೆ ಅಷ್ಟುದ್ದ ಒಳಗೆ ಜೋಲಬಾರದು. ಆ ಬಯಲಿನಲ್ಲಿ ಒಂದು ಚುಕ್ಕೆ, ನಕ್ಷತ್ರ ಅಥವಾ ಪುಟ್ಟ ಹಕ್ಕಿಯನ್ನು ಕೂರಿಸಿದರೆ ಎಳೆಗೂ ನಡುದಾರಿಯಲ್ಲಿ ಹಿಡಿತ ಸಿಗುತ್ತದೆ. ಹೆಣಿಗೆ ಟೋಪಿಗಳ ಚಿತ್ರ ಕಿಕ್ಕಿರಿದಂತೆ ಕಾಣುವುದಕ್ಕೆ ಅಲಂಕಾರದ ಆಸೆಯೊಂದೇ ಕಾರಣವಲ್ಲ. ನೆತ್ತಿಯ ಕಡೆ ಕುಣಿಕೆ ಇಳಿಸತೊಡಗಿದ ಮೇಲೆ ದೊಡ್ಡ ಪ್ರಾಣಿಗೆ ಜಾಗವಿರುವುದಿಲ್ಲ. ಹೀಗಾಗಿ ಪ್ರಾಣಿಗಳ ಸಾಲು ಹಣೆಯ ಮೇಲಿನ ಪಟ್ಟಿಯಲ್ಲೂ ತ್ರಿಕೋನ, ವಜ್ರ, ಗೆರೆಗಳು ಅದರ ಮೇಲೂ ಬರುತ್ತವೆ.

ತಕೀಲೆ ದ್ವೀಪ

ಹೆಣಿಗೆ ಗಂಡಸರ ಕೆಲಸವಾಗಿ ಉಳಿದಿರುವ ಊರುಗಳಲ್ಲಿ ಹೆಸರಾದದ್ದು ಟಿಟಿಕಾಕಾ ಸರೋವರದಲ್ಲಿರುವ ಪೆರುವಿನ ತಕೀಲೆ ದ್ವೀಪ. ಇಲ್ಲಿ ಹೆಂಗಸರು ನೂಲುತ್ತಾರೆ, ನಡುಪಟ್ಟಿ ನೇಯುತ್ತಾರೆ. ಗಂಡಸರು ದಾರಿ ನಡೆಯುವಾಗಲೂ ಟೋಪಿ ಹೆಣೆಯುತ್ತಿರುತ್ತಾರೆ. ಹುಡುಗರು ಏಳೆಂಟನೆಯ ವಯಸ್ಸಿನಲ್ಲೇ ಕಡ್ಡಿ ಹಿಡಿಯುತ್ತಾರೆ. ತಕೀಲೆಯ ಚುಲ್ಯೊ ಉದ್ದವಾದದ್ದು, ಅದರ ತುದಿ ಭುಜದ ಕಡೆಗೆ ಜೋತಿರುತ್ತದೆ. ಮದುವೆಯಾದವರ ಟೋಪಿ ಪೂರ್ತಿ ಕೆಂಪು ನೆಲದ ಮೇಲೆ ಚಿತ್ರಗಳಿಂದ ತುಂಬಿರುತ್ತದೆ. ಮದುವೆಯಾಗದವರ ಟೋಪಿಯ ಮೇಲರ್ಧ ಬಿಳಿ. ಊರಿನ ಆಡಳಿತದ ಹೊಣೆ ಹೊತ್ತವರು ಕಿವಿಪಟ್ಟಿಯ ಚುಲ್ಯೊ ತೊಟ್ಟು ಅದರ ಮೇಲೆ ಹ್ಯಾಟು ಇಡುತ್ತಾರೆ. ಮದುವೆಗೆ ಮುಂಚೆ ಭಾವಿ ಮಾವ ಹುಡುಗ ಹೆಣೆದ ಟೋಪಿಗೆ ನೀರು ತುಂಬಿ, ಸೋರದಿದ್ದರೆ ಮಾತ್ರ ಒಪ್ಪುತ್ತಾನೆಂದು ದ್ವೀಪಕ್ಕೆ ಬಂದವರಿಗೆ ಹೇಳುವುದುಂಟು. ಬಿಗಿಯಾದ ಹೆಣಿಗೆಗೆ ಅಲ್ಲಿರುವ ಬೆಲೆ ಇದರಿಂದ ತಿಳಿಯುತ್ತದೆ.

ಈ ದ್ವೀಪದ ನೇಯ್ಗೆ ಮತ್ತು ಹೆಣಿಗೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಮೇರುಕೃತಿಗಳಲ್ಲಿ ಒಂದೆಂದು ಸಾರಿತು. 2008ರಲ್ಲಿ ಅದು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ದ್ವೀಪದ ಬಟ್ಟೆ, ಪ್ರವಾಸೋದ್ಯಮ ಮತ್ತು ಬದುಕಿನ ಸಂಬಂಧವನ್ನು ಮಾನವಶಾಸ್ತ್ರಜ್ಞೆ ಇಲೇನ್ ಜಾರ್ನ್ 2004ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಆಂಡೀಸ್ ಹೆಣಿಗೆಯ ತಂತ್ರಗಳನ್ನು ಸಿಂಥಿಯಾ ಲೆಕೌಂಟ್ 1990ರಲ್ಲಿ ಪುಸ್ತಕವಾಗಿ ದಾಖಲಿಸಿದರು.

ಬಣ್ಣ ಮತ್ತು ಮಾರುಕಟ್ಟೆ

ಚುಲ್ಯೊದ ಹಳೆಯ ಕೆಂಪು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳುವಿನಿಂದ ಬರುತ್ತಿತ್ತು. ಹುಳುವನ್ನು ಒಣಗಿಸಿ, ಅರೆದು, ಕುದಿಸಿ ಉಣ್ಣೆಗೆ ಏರಿಸುತ್ತಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರಾಸಾಯನಿಕ ಬಣ್ಣಗಳು ಬಂದವು. 20ನೆಯ ಶತಮಾನದಲ್ಲಿ ಗಿರಣಿಯ ಅಕ್ರಿಲಿಕ್ ನೂಲು ಬಂದು ಕಣ್ಣು ಕುಕ್ಕುವ ಗುಲಾಬಿ, ಕಿತ್ತಳೆ, ಹಸಿರು ಬಣ್ಣಗಳು ಸಾಮಾನ್ಯವಾದವು. ಪೇಟೆಗಳಲ್ಲಿ ರಾಶಿ ಹಾಕುವ ಟೋಪಿಗಳಲ್ಲಿ ಯಂತ್ರದಲ್ಲಿ ಹೆಣೆದವೇ ಬಹಳ. ಅವುಗಳ ಮೇಲೆ ಹೆಚ್ಚಾಗಿ ಲಾಮಾಗಳ ಸಾಲೊಂದು ಇರುತ್ತದೆ. ಊರಿನವನಿಗೆ ಟೋಪಿ ತನ್ನ ಸೀಮೆಯನ್ನು, ಮದುವೆಯನ್ನು, ಹೊಣೆಯನ್ನು ಸಾರಬೇಕು. ಕೊಳ್ಳುವ ಪ್ರವಾಸಿಗೆ ಅದು ಪೆರುವಿನದೆಂದು ತಿಳಿದರೆ ಸಾಕು, ಅದಕ್ಕೆ ಲಾಮಾ ಒಂದೇ ಸಾಲುತ್ತದೆ. ಇದಕ್ಕೆ ಎದುರಾಗಿ, ನೇಕಾರ್ತಿ ನಿಲ್ದಾ ಕಾಲ್ಯನ್ಯಾವುಪಾ 1996ರಲ್ಲಿ ಸ್ಥಾಪಿಸಿದ, ಪೆರುವಿನ ಕುಸ್ಕೊ ನಗರದ ಸಾಂಪ್ರದಾಯಿಕ ಜವಳಿ ಕೇಂದ್ರ, ಒಂದೊಂದು ಊರಿನ ಹಳೆಯ ಚಿತ್ರಗಳನ್ನೂ ಸಹಜ ಬಣ್ಣಗಳನ್ನೂ ಮತ್ತೆ ಬಳಕೆಗೆ ತರುತ್ತಿದೆ.

ಬೇರೆ ನಾಡುಗಳಲ್ಲಿ

ಆಂಡೀಸಿನದಕ್ಕೆ ಹೋಲುವ ಕಥೆ ಕೆನಡಾದ ವ್ಯಾಂಕೂವರ್ ದ್ವೀಪದಲ್ಲೂ ನಡೆಯಿತು. ಕರಾವಳಿಯ ಸೇಲಿಷ್ ಜನ ಬೆಟ್ಟದ ಮೇಕೆಯ ಉಣ್ಣೆ ಮತ್ತು ನಾಯಿಯ ಕೂದಲಿನಿಂದ ಕಂಬಳಿ ನೇಯುತ್ತಿದ್ದವರು. 19ನೆಯ ಶತಮಾನದಲ್ಲಿ ಯುರೋಪಿನಿಂದ ಬಂದು ನೆಲೆಸಿದವರಿಂದ ಅವರು ಹೆಣಿಗೆ ಕಲಿತರು. ‘ಕೌಚನ್’ ಎಂದು ಹೆಸರಾದ ಅವರ ದಪ್ಪ ಉಣ್ಣೆಯ ಸ್ವೆಟರು ಮತ್ತು ಟೋಪಿಗಳ ಮೇಲೆ ಹದ್ದು, ಓರ್ಕಾ ತಿಮಿಂಗಿಲ, ಜಿಂಕೆ ಬಂದವು. ಈ ಹೆಣಿಗೆಗಾರರ ಕೊಡುಗೆಯನ್ನು ಕೆನಡಾ ಸರ್ಕಾರ 2011ರಲ್ಲಿ ರಾಷ್ಟ್ರೀಯ ಐತಿಹಾಸಿಕ ಮಹತ್ವದ್ದೆಂದು ಗುರುತಿಸಿತು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಫೇರ್ ಐಲ್ ಹೆಣಿಗೆಯಲ್ಲಿ ನಕ್ಷತ್ರ, ಶಿಲುಬೆ, ವಜ್ರಗಳಂಥ ಆಕೃತಿಗಳೇ ಪ್ರಧಾನ. 2015ರ ಶೆಟ್ಲೆಂಡ್ ಉಣ್ಣೆ ಸಪ್ತಾಹಕ್ಕಾಗಿ ಡೊನಾ ಸ್ಮಿತ್ ರೂಪಿಸಿದ ‘ಬಾಬಲ್ ಹ್ಯಾಟ್’ ಅದೇ ತಂತ್ರದಲ್ಲಿ ಟೋಪಿಯ ಸುತ್ತ ಕುರಿಗಳನ್ನು ನಿಲ್ಲಿಸಿತು. ಹಲವು ದೇಶಗಳ ಹವ್ಯಾಸಿ ಹೆಣಿಗೆಗಾರರು ಅದನ್ನು ತಮ್ಮ ಮನೆಗಳಲ್ಲಿ ಹೆಣೆದಿದ್ದಾರೆ.