ಗೇರುಗುಡ್ಡೆಯ ಕೆಳಗಿನ ಗೆಳೆಯರು: ಪಡ್ರೆಯ ಹೋರಾಟಗಾರರ ಹಿನ್ನೆಲೆಯ ಕುರಿತು ಒಂದು ಟಿಪ್ಪಣಿ

ಬಹರೈನಿನಲ್ಲಿ 'ಜಮೀಯತ್ ಅಸ್ದಿಕಾ ಅಲ್ ಬೀಆ' ಎಂಬ ಸಂಘವಿದೆ. ಕನ್ನಡದಲ್ಲಿ ಹೇಳುವುದಾದರೆ ಪರಿಸರದ ಗೆಳೆಯರ ಸಂಘ. ಅದರ ಮುಂದಾಳಾಗಿ ಹೆಸರಾದವರು ಖೌಲಾ ಅಲ್ ಮುಹನ್ನದಿ. ಅಂಥ ಗೆಳೆಯರ ಅಗತ್ಯ ಅಲ್ಲಿದೆ: ಆ ದ್ವೀಪದ ತುಬ್ಲಿ ಕೊಲ್ಲಿ 1997ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕಡಲಿಗೆ ಮಣ್ಣು ತುಂಬಿ ನೆಲ ಮಾಡುತ್ತ ಬಂದುದರಿಂದ ಕೊಲ್ಲಿಯ ಹರವು ಸುಮಾರು ಅರ್ಧಕ್ಕೆ ಇಳಿದಿದೆ. ಕಾಂಡ್ಲಾ ಗಿಡಗಳು ಅಂಚಿನಲ್ಲಿ ಅಷ್ಟಿಷ್ಟು ಉಳಿದಿವೆ. ಸಂಘದ ಹೆಸರಿನಲ್ಲಿರುವ 'ಗೆಳೆಯರು' ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಂಥ ಕೆಲಸಕ್ಕೆ ಇಳಿಯುವವರು ಅದಕ್ಕೆ ಮೊದಲು ಏನು ಮಾಡಿಕೊಂಡಿದ್ದರು? ಈ ಪ್ರಶ್ನೆಯನ್ನು ದಾಖಲೆಗಳ ಆಧಾರದಲ್ಲಿ ಹತ್ತಿರದಿಂದ ನೋಡಲು ಸಾಧ್ಯವಿರುವುದು ಗಲ್ಫಿಗೆ ದುಡಿಯಲು ಹೋದವರ ಮನೆಗಳು ಹೇರಳವಾಗಿರುವ ಕಾಸರಗೋಡಿನಲ್ಲಿ, ಅಲ್ಲಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ.

ಪಡ್ರೆಯ ಎಂಡೋಸಲ್ಫಾನ್ ದುರಂತದ ಚೌಕಟ್ಟು ಕನ್ನಡ ಓದುಗರಿಗೆ ಹೊಸದಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡು ಜಿಲ್ಲೆಯ ತನ್ನ 4,500 ಹೆಕ್ಟೇರಿಗೂ ಮಿಕ್ಕಿದ ಗೇರುತೋಟಗಳಿಗೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಿತು. ಗೇರಿನ ಚಿಗುರು ಹೂವುಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ಆದರೆ ಊರಿನ ನೆಲದ ಏರ್ಪಾಡನ್ನು ಗಮನಿಸದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ತೋಟವಿರುವುದು ಗುಡ್ಡೆಯ ನೆತ್ತಿಯಲ್ಲಿ, ಮನೆ ಮತ್ತು ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಆಳೊಬ್ಬ ಬಾಗಿ ನಡೆಯುವಷ್ಟು ಎತ್ತರಕ್ಕೆ ಕೊರೆದ ಸುರಂಗದಿಂದ ಬೆರಳುಗಾತ್ರದ ನೀರು ಜಿನುಗಿ ಬರುತ್ತದೆ. ಅದು ಬಾಯಲ್ಲಿ ಇಟ್ಟ ಅಡಿಕೆ ಮರದ ದಂಬೆಯ ಮೂಲಕ ತೆರೆದ ಕೆರೆಗೆ ಬೀಳುತ್ತದೆ. ಕುಡಿಯಲೂ ತೋಟಕ್ಕೂ ಅದೇ ನೀರು. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಡಿ ಎಂದು ಊರವರಿಗೆ ಸೂಚನೆ ಬರುತ್ತಿತ್ತು. ಬಾವಿಗೇನೋ ಸೋಗೆ ಹೊದಿಸಬಹುದು. ಕೆರೆಯನ್ನು, ಹರಿಯುವ ತೋಡನ್ನು ಮುಚ್ಚುವುದು ಹೇಗೆ?

ಮೊದಲು ದನಿ ಎತ್ತಿದವರು ಶ್ರೀ ಪಡ್ರೆ. ಕೃಷಿಕರು, ಪತ್ರಕರ್ತರು, 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ'ಯ ಹಿಂದಿನ ಶಕ್ತಿ. 1979ರ ಸುಮಾರಿಗೆ ಊರಿನ ಹಟ್ಟಿಯೊಂದರಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಅವರು ಗಮನಿಸಿ ಬರೆದರು. ಆಗ ಅವರು ನೆಚ್ಚಿದ್ದು ಯಾವುದೇ ಸಿದ್ಧಾಂತವನ್ನಲ್ಲ. ನೆರೆಮನೆಯ ಹಟ್ಟಿಯಲ್ಲಿ ನಡೆದದ್ದೂ ಸುದ್ದಿಯೇ ಎಂಬ ಕೃಷಿ ಪತ್ರಕರ್ತನ ನಂಬಿಕೆಯನ್ನು. ಬರಹ ಅಚ್ಚಾದರೂ ಸಿಂಪಡಣೆ ಮತ್ತೆ ಇಪ್ಪತ್ತು ವರ್ಷ ನಡೆಯಿತು.

ಎರಡನೆಯವರು ಡಾ. ವೈ. ಎಸ್. ಮೋಹನಕುಮಾರ್. ಪಡ್ರೆಯ ವಾಣಿನಗರದಲ್ಲಿ 1980ರ ದಶಕದಿಂದ ಕೂತ ಹಳ್ಳಿ ಡಾಕ್ಟರು. ಅವರ ಹಿನ್ನೆಲೆಯೇ ಈ ಕಥನದ ಗಟ್ಟಿ ಭಾಗ ಎಂದು ನನ್ನ ಎಣಿಕೆ. ನರದೌರ್ಬಲ್ಯ, ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್, ಇವೆಲ್ಲ ಪೇಟೆಯ ಆಸ್ಪತ್ರೆಗೆ ಹೋಗುವುದು ಬಿಡಿಬಿಡಿ ರೋಗಿಗಳಾಗಿ. ಅಲ್ಲಿನ ತಜ್ಞನಿಗೆ ರೋಗಿಯ ಮನೆ ಯಾವ ತೋಡಿನ ಬದಿಯಲ್ಲಿದೆಯೆಂಬುದು ಬೇಡ. ಮನೆಮನೆಗೆ ನಡೆದು ಹೋಗುವ ಹಳ್ಳಿ ವೈದ್ಯನಿಗೆ ಮಾತ್ರ ಒಂದೇ ಕೊಡೆಂಕಿರಿ ತೋಡಿನ ಆಚೀಚೆ ಮನೆಗಳಲ್ಲಿ ಇವು ಗುಂಪುಗಟ್ಟಿರುವುದು ಕಣ್ಣಿಗೆ ಬೀಳುತ್ತದೆ. 1990ರ ದಶಕದ ಉತ್ತರಾರ್ಧದಲ್ಲಿ ಅವರು ಕೇರಳದ ವೈದ್ಯಕೀಯ ನಿಯತಕಾಲಿಕಕ್ಕೆ ಪತ್ರ ಬರೆದು, ಇದರ ಕಾರಣವನ್ನು ಯಾರಾದರೂ ಹುಡುಕಿಕೊಡಿ ಎಂದು ಕೇಳಿದರು. ಬರೆದದ್ದು ಆರೋಪಪಟ್ಟಿಯಲ್ಲ, ಕೋರಿಕೆ.

ಮೂರನೆಯವರು ಇವರ ಊರಿನವರಲ್ಲ. ಜಿಲ್ಲೆಯ ತೆಂಕಣ ಭಾಗದ ಪೆರಿಯದಲ್ಲಿದ್ದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯ ನೌಕರೆ, ಮಲಯಾಳ ಮನೆಮಾತಿನವರು. ನೆರೆಕರೆಯವರ ಸಹಿ ಸಂಗ್ರಹಿಸಿ, ಮನವಿಗಳು ಫಲಿಸದಾಗ ಹೊಸದುರ್ಗದ (ಚಿತ್ರದುರ್ಗದ್ದಲ್ಲ, ಕಾಞಂಗಾಡಿನದು) ಮುನ್ಸಿಫ್ ಕೋರ್ಟಿಗೆ ಹೋಗಿ 1998ರಲ್ಲಿ ವೈಮಾನಿಕ ಸಿಂಪಡಣೆಗೆ ತಾತ್ಕಾಲಿಕ ತಡೆಯಾಜ್ಞೆ ತಂದರು. ಕೀಟನಾಶಕವನ್ನು ಮರದ ತುದಿಗಿಂತ ಎರಡು ಮೂರು ಮೀಟರ್ ಮೇಲಿನಿಂದಷ್ಟೇ ಬಿಡಬೇಕೆಂಬ ನಿಯಮ ಏರುತಗ್ಗಿನ ಗುಡ್ಡೆಯಲ್ಲಿ ಪಾಲನೆಯಾಗದು ಎಂಬುದು ಇಲಾಖೆಯೊಳಗಿನವರಿಗೆ ತಿಳಿಯದ್ದಲ್ಲ. ಅದನ್ನು ನ್ಯಾಯಾಲಯದವರೆಗೆ ಒಯ್ಯುವ ಧೈರ್ಯ ಮಾಡಿದವರು ಅವರು.

ಇಲ್ಲೊಂದು ಭಾಷಿಕ ಸಂಗತಿಯನ್ನು ಗುರುತಿಸಬೇಕು. ಅಡಿಕೆ ಸೀಮೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಕ್ಕೆ 'ಮದ್ದು ಬಿಡುವುದು' ಎನ್ನುತ್ತಾರೆ. ಹೆಲಿಕಾಪ್ಟರ್ ಸುರಿದದ್ದೂ ಜನರ ಬಾಯಲ್ಲಿ ಮದ್ದೇ ಆಯಿತು. ಪ್ರತಿ ಮಳೆಗಾಲ ತಮ್ಮ ತೋಟಕ್ಕೆ ತಾವೇ ಮದ್ದು ಬಿಡುವವರಿಗೆ ಗುಡ್ಡೆಯ ಮದ್ದಿನ ಮೇಲೆ ಸಂಶಯ ತಡವಾಗಿ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಪುರಾವೆಯ ವಿಷಯದಲ್ಲಿ ಎಚ್ಚರ ಬೇಕು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ರಕ್ತ, ಹಾಲುಗಳಲ್ಲಿ ವಿಷದ ಶೇಷವಿದೆ ಎಂದಿತು. ಪ್ಲಾಂಟೇಶನ್ ಪರವಾಗಿದ್ದವರು ಒಪ್ಪಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು, ಇಲ್ಲಿನವರ ಲೈಂಗಿಕ ಬೆಳವಣಿಗೆ ತಡವಾಗಿದೆ ಎಂಬುದನ್ನು. ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಅದು ಹೇಳಲಿಲ್ಲ. ಹಾಗೆಂದು ಅದನ್ನು ಚಿಕ್ಕದು ಮಾಡಲೂ ಬಾರದು: ಡಾಕ್ಟರ ಕೋರಿಕೆಗೆ ಸಿಕ್ಕ ಮೊದಲ ಸರಿಯಾದ ಉತ್ತರ ಅದು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಆದೇಶಿಸಿತು.

ಮೂವರ ಉದ್ಯೋಗದಲ್ಲೂ ಬರವಣಿಗೆಯಿತ್ತು: ವರದಿ, ರೋಗಿಗಳ ವಿವರ, ಮನವಿಪತ್ರ. ಹಾಗಾಗಿ ಅವರ ಹೆಸರು ಉಳಿಯಿತು. ಇವರಿಗಿಂತ ಮೊದಲು ಹಾನಿಯನ್ನು ಕಂಡವರು ಜೇನು ಸಾಕುವವರು ಇದ್ದಿರಬೇಕು. ಪಡ್ರೆಯ ಸುತ್ತ ಜೇನು ಸಾಕಣೆ ಚೆನ್ನಾಗಿಯೇ ಇತ್ತು, ಸಿಂಪಡಣೆಯ ವರ್ಷಗಳಲ್ಲಿ ಜೇನುಕುಟುಂಬಗಳು ಸತ್ತು ಪೆಟ್ಟಿಗೆಗಳು ಬರಿದಾದವು. ಯಾವ ವರ್ಷ, ಯಾವ ಗುಡ್ಡೆಯ ಬುಡದಲ್ಲಿ, ಎಷ್ಟು ಪೆಟ್ಟಿಗೆ? ಜೇನು ಮಾರಿದ ರಸೀದಿ ಯಾವುದಾದರೂ ಮನೆಯ ಅಟ್ಟದ ಮೇಲೆ ಉಳಿದಿದ್ದರೆ ಈ ಹೋರಾಟದ ಕಾಲಗಣನೆ 1979ಕ್ಕಿಂತ ಹಿಂದಕ್ಕೆ ಹೋಗಬಹುದು. ಆ ಜೇನು ಕೃಷಿಕರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಮುಂದಿನ ಹುಡುಕಾಟ ಅವರ ಮನೆಗಳಿಂದ ಶುರುವಾಗಬೇಕು, ಈ ವರ್ಷವೇ.