ಒಕ್ಕಲೆಬ್ಬಿಸುವ ಕಾನೂನು, ಒಕ್ಕಲೇ ಅಲ್ಲದ ನಾವು

ಒಬ್ಬನನ್ನು ಒಕ್ಕಲೆಬ್ಬಿಸಬೇಕಾದರೆ ಮೊದಲು ಅವನು ಒಕ್ಕಲು ಅಂತ ಎಲ್ಲಾದರೂ ಬರೆದಿರಬೇಕು. ನಮ್ಮ ಕೇರಿಗಳ ಎಷ್ಟೋ ಹಿರಿಯರಿಗೆ ಆ ಭಾಗ್ಯವೂ ಇರಲಿಲ್ಲ.

1951ರ ಕಾಗೋಡು ಸತ್ಯಾಗ್ರಹವನ್ನು ನಾವು ಸಭೆಗಳಲ್ಲಿ ನೆನೆಯುತ್ತೇವೆ, ನೆನೆಯಲೇಬೇಕು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಜಗಳ ಹತ್ತಿದ್ದು ಗೇಣಿ ಅಳೆಯುವ ಕೊಳಗದಿಂದ. ಅಳತೆ ಸರಿಯಿರಲಿ ಎಂದು ದೀವರ ಒಕ್ಕಲುಗಳು ಕೇಳಿದರು. ಒಡೆಯರು ಗದ್ದೆಯನ್ನೇ ಬಿಡಿಸಹೊರಟರು. ಎಚ್. ಗಣಪತಿಯಪ್ಪನವರ ಸಂಘಟನೆಯಲ್ಲಿ ಒಕ್ಕಲುಗಳು ನೇಗಿಲು ಹೊತ್ತು ಗದ್ದೆಗಿಳಿದರು, ಜೈಲು ತುಂಬಿದರು. ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು.

ಆಮೇಲೆ ಬಂದದ್ದು 1961ರ ಭೂಸುಧಾರಣಾ ಕಾಯ್ದೆ. ಜಾರಿಗೆ ಬರಲು 1965ರ ಅಕ್ಟೋಬರ್ 2ರ ತನಕ ಕಾಯಬೇಕಾಯಿತು. ಅದರ ಪ್ರಕಾರ ಧಣಿಗೆ ಮನಸ್ಸು ಬಂದ ಹಾಗೆ ಬಿಡಿಸುವಂತಿಲ್ಲ. ಗೇಣಿ ಬಾಕಿ ಉಳಿದಿರಬೇಕು, ಇಲ್ಲವೆ ನೆಲ ಕೆಡಿಸಿರಬೇಕು, ಇಲ್ಲವೆ ಒಳಗೇಣಿಗೆ ಕೊಟ್ಟಿರಬೇಕು. 'ನಾನೇ ಸ್ವಂತ ಸಾಗುವಳಿ ಮಾಡ್ತೀನಿ' ಅನ್ನುವುದೂ ಒಂದು ದಾರಿ. ನೋಟೀಸು, ಅರ್ಜಿ, ವಿಚಾರಣೆ ಎಲ್ಲ ಇತ್ತು. ಆದರೆ ಗೇಣಿ ನಡೆಯುತ್ತಿದ್ದದ್ದು ಬಾಯಿಮಾತಿನಲ್ಲಿ. ರಸೀದಿ ಕೊಟ್ಟ ಧಣಿ ಎಷ್ಟು ಮಂದಿ? ಪಹಣಿಯಲ್ಲಿ ಸಾಗುವಳಿದಾರ ಅಂತ ಧಣಿಯದೇ ಹೆಸರು. ಜೊತೆಗೆ 'ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ' ಅನ್ನುವ ಕಾಗದಕ್ಕೊಂದು ಹೆಬ್ಬೆಟ್ಟು. ಓದಲು ಬಾರದವನ ಸ್ವಇಚ್ಛೆ!

1974ರ ಮಾರ್ಚ್ 1ರಿಂದ, ದೇವರಾಜ ಅರಸರ ಕಾಲದ ತಿದ್ದುಪಡಿ, ಗೇಣಿ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿತು. ಗೇಣಿದಾರ ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟು ಭೂಮಿಯ ಹಕ್ಕು ಪಡೆಯಬೇಕು. ಕೊನೆಯ ಗಡುವು 1979ರ ಜೂನ್ 30. ಮಂಡಳಿಯಲ್ಲಿ ಪರಿಶಿಷ್ಟರ ಪೈಕಿ ಒಬ್ಬ ಸದಸ್ಯನಾದರೂ ಇರಬೇಕೆಂದಿತ್ತು. ಇದು ಸಣ್ಣ ಕೆಲಸವಲ್ಲ, ಎಷ್ಟೋ ಒಕ್ಕಲು ಮನೆಗಳು ಅದರಿಂದ ತಲೆಯೆತ್ತಿದವು.

ನಮ್ಮ ಪ್ರಶ್ನೆ ಬೇರೆ. ಕಾಯ್ದೆಯ 4ನೇ ಕಲಮು ಓದಿ. ಬೇರೆಯವರ ನೆಲವನ್ನು ಕಾನೂನುಬದ್ಧವಾಗಿ ಉಳುವವನು ಗೇಣಿದಾರ. ಆದರೆ ಧಣಿಯ ಉಸ್ತುವಾರಿಯಲ್ಲಿ, ಬೆಳೆಯಲ್ಲಿ ಪಾಲಿಲ್ಲದೆ, ದುಡ್ಡಿಗೋ ಕಾಳಿಗೋ ದುಡಿಯುವ ಆಳು ಗೇಣಿದಾರನಲ್ಲ. ಈ ಆಳು ಯಾರು? ಅಪ್ಪನ ಸಾಲಕ್ಕೆ ಜೀತಕ್ಕೆ ನಿಂತವನು, ಗೌಡನ ಹೊಲವನ್ನು ಮೂರು ತಲೆಮಾರು ಉತ್ತವನು. 'ಉಳುವವನೇ ಹೊಲದೊಡೆಯ' ಅಂತ ಕೂಗಿದ ದನಿಯಲ್ಲಿ ಅವನದೂ ಇತ್ತು. ಮೇಳಿ ಹಿಡಿದವನು ಅವನೇ. ಕಾನೂನಿನ ಕಣ್ಣಿಗೆ ಉಳುವವನು ಮಾತ್ರ ಧಣಿ.

1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ಜೀತವನ್ನು ರದ್ದು ಮಾಡಿದವು. ಸಾಲ ತೀರಿದಂತಾಯಿತು. ಬಿಡುಗಡೆಯಾದವನನ್ನು ಅವನಿದ್ದ ಗುಡಿಸಲಿನಿಂದ ಎಬ್ಬಿಸಬಾರದು ಎಂದೂ ಬರೆದರು. ಭೂಸುಧಾರಣಾ ಕಾಯ್ದೆಯ 38ನೇ ಕಲಮು ಕೂಡ ಬೇರೆಯವರ ನೆಲದಲ್ಲಿ ವಾಸವಿದ್ದ ಕೃಷಿಕೂಲಿಗೆ ವಾಸದ ಜಾಗ ಕೊಡುವ ಮಾತಾಡಿತು. ಎರಡೂ ಕಾನೂನಿಗೆ ನಮ್ಮ ಗುಡಿಸಲು ಕಂಡಿತು, ಹೊಲದಲ್ಲಿ ಸವೆದ ಬೆನ್ನು ಕಾಣಲಿಲ್ಲ.

ಹಾಗಾಗಿ ಜೀತದಾಳನ್ನು ಹೊಲದಿಂದ ಬಿಡಿಸಲು ಧಣಿ ತಹಸೀಲ್ದಾರರ ಕಚೇರಿಗೆ ಹೋಗಬೇಕಿರಲಿಲ್ಲ. ನೋಟೀಸು ಬೇಡ, ಹೆಬ್ಬೆಟ್ಟೂ ಬೇಡ. ಜಗಲಿ ಮೇಲೆ ಕೂತು, "ನಾಳಿಂದ ಹೊಲದ ಕಡೆ ಬರಬ್ಯಾಡ ಕಣ್ಲಾ" ಅಂದರೆ ಮುಗಿಯಿತು. ಅದರ ಮೇಲೆ ಅಪೀಲು ಹೋಗಲು ಯಾವ ನಮೂನೆಯೂ ಅಚ್ಚಾಗಿರಲಿಲ್ಲ.